ಪಥ್ಯದ ದರ್ಜಿ

ಎದುರಿಗೆ ಬಂದವರ ಮುಖವನ್ನು ಆತ ಮೊದಲು ನೋಡುತ್ತಿರಲಿಲ್ಲ, ಸೊಂಟವನ್ನು ನೋಡುತ್ತಿದ್ದ. ಅಲ್ಲಿಂದ ದೃಷ್ಟಿ ಎದೆಗೆ ಏರಿ, ಭುಜಗಳ ಅಗಲವನ್ನು ಒಮ್ಮೆ ಸವರಿ, ತೋಳಿನುದ್ದಕ್ಕೆ ಇಳಿದು, ಎಲ್ಲ ಮುಗಿದ ಮೇಲೆ, ಇನ್ನು ನೋಡುವುದು ಬೇರೇನೂ ಉಳಿದಿಲ್ಲವಲ್ಲ ಎಂಬಂತೆ, ನಿಧಾನವಾಗಿ ಮುಖಕ್ಕೆ ಬರುತ್ತಿತ್ತು. ಮೂವತ್ತು ವರ್ಷ ಟೇಪು ಹಿಡಿದ ಮನುಷ್ಯನಿಗೆ ಇದು ಸಹಜವೇ. ಆದರೆ ನಾನು ಹೇಳುತ್ತಿರುವ ಕಾಲಕ್ಕೆ ಆ ನೋಟದಲ್ಲಿ ಒಂದು ವೈದ್ಯಕೀಯ ಗಾಂಭೀರ್ಯವೂ ಸೇರಿಕೊಂಡಿತ್ತು. ಪ್ಯಾಂಟು ಹೊಲಿಸಲು ಹೋದ ನನ್ನನ್ನು ಒಮ್ಮೆ ಹೀಗೆಯೇ ಅಳೆದು, ಟೇಪನ್ನು ಕೊರಳಿಗೆ ಹಾಕಿಕೊಂಡು, ಸಾವಿನ ಸುದ್ದಿ ತಿಳಿಸುವವನ ಧ್ವನಿಯಲ್ಲಿ, "ಸಾರ್, ಹೋದ ವರ್ಷಕ್ಕಿಂತ ಒಂದೂವರೆ ಇಂಚು ಜಾಸ್ತಿ. ಬಿಳಿ ಬ್ರೆಡ್ಡು ಬಿಟ್ಬಿಡಿ" ಎಂದಿದ್ದ. ನಮ್ಮ ಬೀದಿಯವರು ಆತನಿಗೆ 'ಪಥ್ಯದ ದರ್ಜಿ' ಎಂದು ಹೆಸರಿಟ್ಟಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಾನು ಆಗ ಒಂದು ಶಾಖಾ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದೆ. ಉದ್ದನೆಯ ಒಂದೇ ಕೋಣೆ, ಹನ್ನೊಂದು ಕಬ್ಬಿಣದ ಕಪಾಟು, ಕಾಲಿನಡಿ ಕಾಗದ ಮಡಿಸಿಟ್ಟರೂ ಅಲುಗಾಡುವ ಎರಡು ಮೇಜು. ರಸ್ತೆಯ ಆಚೆ ಬದಿಗೆ ಆತನ ಅಂಗಡಿ, ಅದರ ಮೇಲೆ ಎರಡನೆಯ ಅಂತಸ್ತಿನಲ್ಲಿ ಆತನ ಮನೆ. ದಿನಕ್ಕೊಮ್ಮೆಯಾದರೂ ಆತ ರಸ್ತೆ ದಾಟಿ ಬರುತ್ತಿದ್ದ: ಹೊಲಿಗೆ ಯಂತ್ರ ತುಳಿದು ತುಳಿದು ರೂಢಿಯಾದ ಬಲಗಾಲು ನಿಂತಲ್ಲಿಯೂ ಸಣ್ಣಗೆ ತಾಳ ಹಾಕುತ್ತ, ಎಲುಬಿನ ಗೂಡಿನಂಥ ಮೈಗೆ ತಾನೇ ಹೊಲಿದುಕೊಂಡ ಬೂದುಬಣ್ಣದ ತೋಳಿಲ್ಲದ ಕೋಟು ತೊಟ್ಟು, ಅದರ ಎದೆಯ ಮೇಲೆ ಗುಂಡುಪಿನ್ನುಗಳನ್ನು ಪದಕಗಳಂತೆ ಸಾಲಾಗಿ ಚುಚ್ಚಿಕೊಂಡು. ಇಷ್ಟು ತೆಳ್ಳಗಿನ ಮನುಷ್ಯ ತೂಕ ಇಳಿಸುವ ಪುಸ್ತಕಗಳ ಕಪಾಟಿನೆದುರು ಗಂಟೆಗಟ್ಟಲೆ ನಿಲ್ಲುವುದನ್ನು ಕಂಡ ಹೊಸಬರು ಮುಸಿಮುಸಿ ನಗುತ್ತಿದ್ದರು. ಒಬ್ಬ ಕಾಲೇಜು ಹುಡುಗಿ ನನ್ನ ಹತ್ತಿರ ಬಂದು, "ಅವರಿಗೆ ಯಾರಾದ್ರೂ ಹೇಳಬಾರ್ದಾ?" ಎಂದು ಪಿಸುಗುಟ್ಟಿದ್ದಳು.

ಆತ ಓದುತ್ತಿದ್ದದ್ದು ಅಕ್ಕನಿಗಾಗಿ. ತಾಯಿ ಹೋದಾಗ ಆತನಿಗೆ ಆರು, ಅಕ್ಕನಿಗೆ ಹದಿನೇಳು. ಆ ಹದಿನೇಳರ ಹುಡುಗಿ ಅಂದು ಒಲೆಯ ಮುಂದೆ ನಿಂತವರು ಮತ್ತೆ ಆ ಜಾಗ ಬಿಟ್ಟು ಕದಲಲಿಲ್ಲ. ತಮ್ಮನಿಗೆ ಬಡಿಸಿದರು, ತಮ್ಮನ ಅಂಗಡಿಗೆ ಬಂದವರಿಗೆ ಬಡಿಸಿದರು, ಬಡಿಸುತ್ತ ಬಡಿಸುತ್ತ ತಾವೂ ಸಂತೋಷವಾಗಿ ಉಂಡರು. ಇಬ್ಬರೂ ಮದುವೆಯಾಗಲಿಲ್ಲ. ಅಕ್ಕನ ಮೈ ವರ್ಷ ವರ್ಷಕ್ಕೂ ತುಂಬುತ್ತ ಹೋಗಿ ತೊಂಬತ್ತಾರು ಕಿಲೋ ಮುಟ್ಟಿತು; ಆ ಹೊತ್ತಿಗೆ ಮಂಡಿಗಳು ಕೈಕೊಟ್ಟಿದ್ದವು. ಮನೆಯಿಂದ ಬೀದಿಗೆ ಮೂವತ್ತನಾಲ್ಕು ಮೆಟ್ಟಿಲು. ನಾನು ಆತನನ್ನು ಚೆನ್ನಾಗಿ ಅರಿಯುವ ಹೊತ್ತಿಗೆ ಅಕ್ಕ ಆ ಮೆಟ್ಟಿಲಿಳಿದು ಎರಡು ವರ್ಷವಾಗಿತ್ತು. ಕಿಟಕಿಯೇ ಅವರ ಬೀದಿ. ಇಪ್ಪತ್ತು ಕಿಲೋ ಇಳಿದರೆ ಮಂಡಿಯ ಶಸ್ತ್ರಚಿಕಿತ್ಸೆಯ ಮಾತಾಡೋಣ, ಅಲ್ಲಿಯವರೆಗೆ ನನ್ನ ಹತ್ತಿರ ಬರಬೇಡಿ ಎಂದು ವೈದ್ಯರು ಕಡ್ಡಿ ಮುರಿದಂತೆ ಹೇಳಿದ್ದರು. ಅದರ ಮಾರನೆಯ ದಿನ ದರ್ಜಿ ನನ್ನ ಮೇಜಿನ ಮುಂದೆ ನಿಂತು, ಬಲಗಾಲು ತಾಳ ಹಾಕುತ್ತಿರಲು, "ಸಾರ್, ತೂಕ ಇಳಿಸೋದಕ್ಕೆ ಪುಸ್ತಕ ಇರ್ತವಂತಲ್ಲ, ಎಷ್ಟಿವೆ?" ಎಂದು ಕೇಳಿದ. ಎಣಿಸಿದೆವು. ನಲವತ್ಮೂರು ಇದ್ದವು. "ಸರಿ ಹಾಗಾದ್ರೆ, ಈ ಕಡೆಯಿಂದ ಕೊಡಿ" ಎಂದ.

ಏಳನೆಯ ತರಗತಿಗೆ ಶಾಲೆ ಬಿಟ್ಟವನು ಓದುವ ರೀತಿ ನೋಡುವಂಥದ್ದು. ತುಟಿ ಅಲುಗಿಸುತ್ತ, ಸಾಲಿನ ಕೆಳಗೆ ಬೆರಳು ಓಡಿಸುತ್ತ, ದೊಡ್ಡ ಪದ ಬಂದಾಗ ಹೊಲಿಗೆ ಬಿಚ್ಚುವವನಂತೆ ಒಂದೊಂದೇ ಅಕ್ಷರ ಬಿಡಿಸಿ ಮತ್ತೆ ಕೂಡಿಸಿ ಓದುತ್ತಿದ್ದ. ಗ್ರಂಥಾಲಯದ ಪುಸ್ತಕದ ಮೇಲೆ ಬರೆಯಬಾರದೆಂಬುದು ನನ್ನ ಕಟ್ಟಪ್ಪಣೆ; ಪೆನ್ಸಿಲ್ ಗೆರೆ ಕಂಡರೂ ನನಗೆ ಮೈ ಉರಿಯುತ್ತದೆ. ಅದಕ್ಕೆ ಆತ ಕಂಡುಕೊಂಡ ಉಪಾಯ ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ. ಬೇಕಾದ ಸಾಲಿನಡಿ ಅದರಿಂದ ನವಿರಾಗಿ ಗೆರೆ ಎಳೆದು, ಹಿಂತಿರುಗಿಸುವ ಮೊದಲು ಬ್ರಶ್ಶಿನಿಂದ ಒರೆಸಿ ತರುತ್ತಿದ್ದ. ಲೇಖಕರು ಒಬ್ಬರಿಗೊಬ್ಬರು ವಿರುದ್ಧವಾಗಿ ಬರೆದಾಗ ಮಾತ್ರ ಆತನಿಗೆ ನಿಜವಾದ ಸಂಕಟ. ಒಬ್ಬರು ಹಣ್ಣನ್ನು ಬೆಳಿಗ್ಗೆಯೇ ತಿನ್ನಬೇಕೆಂದರೆ ಇನ್ನೊಬ್ಬರು ಬೆಳಿಗ್ಗೆ ಮಾತ್ರ ಮುಟ್ಟಬಾರದೆನ್ನುವರು. ಎರಡೂ ಪುಸ್ತಕಗಳನ್ನು ಎದುರೆದುರು ತೆರೆದಿಟ್ಟುಕೊಂಡು ಕುಳಿತ ಆತನ ಮುಖ ಅಪ್ಪ ಅಮ್ಮ ಜಗಳವಾಡುವುದನ್ನು ನೋಡುವ ಮಗುವಿನ ಮುಖದಂತಿರುತ್ತಿತ್ತು. ಅಚ್ಚಾದದ್ದು ಸುಳ್ಳಿರಬಹುದು ಎಂಬ ಯೋಚನೆಯೇ ಆತನಿಗೆ ಬಂದಂತಿರಲಿಲ್ಲ. ಕೊನೆಗೆ ಅಕ್ಕನಿಗೆ ಹನ್ನೊಂದು ಗಂಟೆಗೆ ಹಣ್ಣು ಕೊಡುವುದೆಂದು ರಾಜಿಯಾಯಿತು.

'ಪುಸ್ತಕದಲ್ಲಿದೆ ಸಾರ್' ಎಂಬುದು ಆತನ ಮಾತಿನ ಪಲ್ಲವಿ. ಸಕ್ಕರೆ ಬೇಡವೆಂಬುದು ಪುಸ್ತಕದಲ್ಲಿದೆ, ಕಾಳು ನೆನೆಸಿ ಬೇಯಿಸಬೇಕೆಂಬುದು ಪುಸ್ತಕದಲ್ಲಿದೆ, ಒಂದು ತುತ್ತನ್ನು ಮೂವತ್ತು ಸಲ ಅಗಿಯಬೇಕೆಂಬುದು ಪುಸ್ತಕದಲ್ಲಿದೆ. ಒಮ್ಮೆ ಮೂಲೆಯ ಬೇಕರಿಯಾತ ಮಗಳ ಮದುವೆಗೆ ಕೋಟು ಹೊಲಿಸಲು ಬಂದ. ಅವನ ಹೊಟ್ಟೆಯ ಸುತ್ತ ಟೇಪು ಹಿಡಿದು ಮಂಡಿಯೂರಿ ಕುಳಿತೇ ಮೈದಾ, ಬೆಣ್ಣೆ, ಸಕ್ಕರೆ ಮೂರೂ ಸೇರಿ ಮನುಷ್ಯನ ರಕ್ತನಾಳಕ್ಕೆ ಏನು ಮಾಡುತ್ತವೆಂದು ಆತ ವಿವರಿಸಿದ. ಬೇಕರಿಯಾತ ತಾಳ್ಮೆಯಿಂದ ಕೇಳಿ, "ಆಯ್ತಪ್ಪ, ನಾನು ಅಂಗಡಿ ಮುಚ್ತೀನಿ, ನೀನೂ ಎಲ್ಲರಿಗೂ ಬಟ್ಟೆ ಉಡಬೇಡಿ ಅಂತ ಹೇಳು" ಎಂದು ಹೊರಟುಹೋದ. ಆ ಮದುವೆಗೆ ಅವನು ಹಳೆಯ ಕೋಟಿನಲ್ಲೇ ನಿಂತಿದ್ದನ್ನು ನಾನು ಕಂಡೆ. ಗುಂಡಿ ಹಾಕಲು ಆಗಿರಲಿಲ್ಲ.

ಮೇಲಿನ ಮನೆಗೆ ನಾನು ಮೊದಲು ಹೋದದ್ದು ಆತ ಕಾಯ್ದಿರಿಸಿದ್ದ ಒಂದು ಪುಸ್ತಕ ಕೊಡಲು. ಅಕ್ಕ ಕಿಟಕಿಯ ಪಕ್ಕದ ಅಗಲವಾದ ಕುರ್ಚಿಯಲ್ಲಿ ಕುಳಿತು ಬಟಾಣಿ ಸುಲಿಯುತ್ತಿದ್ದರು. ನನ್ನ ಕೈಯ ಪುಸ್ತಕ ನೋಡಿದ್ದೇ ನಗುತ್ತ, "ಓಹೋ, ಇದನ್ನೆಲ್ಲ ಸಪ್ಲೈ ಮಾಡೋರು ನೀವೇನಾ? ಬನ್ನಿ, ಕೂತ್ಕೊಳ್ಳಿ. ನಿಮಗಂತೂ ಪುಣ್ಯ ಬರಲ್ಲ ಬಿಡಿ" ಎಂದರು. ಒಲೆಯ ಮುಂದೆ ತಮ್ಮ ನಿಂತಿದ್ದ. ನಲವತ್ತು ವರ್ಷ ಅಕ್ಕನದಾಗಿದ್ದ ಆ ಜಾಗವನ್ನು ಪುಸ್ತಕ ಆತನಿಗೆ ಕೊಡಿಸಿತ್ತು. ಬೇಯಿಸಿದ ಸೊಪ್ಪು, ಬೇಯಿಸಿದ ಕಾಳು, ಎಣ್ಣೆಯ ಸೋಂಕಿಲ್ಲದ ಕುಂಬಳಕಾಯಿ. "ನನ್ನನ್ನ ಮೊಲ ಮಾಡ್ತಿದಾನೆ ಸಾರ್ ಇವನು. ಕಿವಿ ಬೆಳೀತಿದೆಯಾ ನೋಡಿ ಒಂಚೂರು" ಎಂದು ಅಕ್ಕ ತಲೆ ಬಗ್ಗಿಸಿ ತೋರಿಸಿದರು. ತಮ್ಮ ತಾನೂ ಅದನ್ನೇ ತಿನ್ನುತ್ತಿದ್ದ. ಈ ಮೈಗೆ ಯಾಕಪ್ಪ ಈ ಶಿಕ್ಷೆ ಎಂದು ನಾನು ಕೇಳಿದ್ದಕ್ಕೆ, "ಅಕ್ಕನಿಗೆ ಇಲ್ಲದ್ದು ನನಗ್ಯಾಕೆ ಸಾರ್?" ಎಂದ. ಅಕ್ಕ ಬಾಯಿ ಕಟ್ಟಿದರೆ ಆತನೂ ಬಾಯಿ ಕಟ್ಟಬೇಕು. ಹಿಟ್ಟಿನ ಡಬ್ಬಿಯ ಹಿಂದೆ ಅಕ್ಕ ಬಚ್ಚಿಟ್ಟಿದ್ದ ಬಿಸ್ಕತ್ತಿನ ಪೊಟ್ಟಣ ಸಿಕ್ಕಿದ ದಿನ ಆತ ಬೈಯಲಿಲ್ಲವಂತೆ. ಎದುರಿಗೆ ಕುಳಿತು ಸಕ್ಕರೆಯ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದನಂತೆ. "ಅದಕ್ಕಿಂತ ಎರಡೇಟು ಹೊಡೆದಿದ್ರೆ ವಾಸಿ ಇತ್ತು" ಎಂದರು ಅಕ್ಕ.

ಮೊದಲ ನಾಲ್ಕು ತಿಂಗಳಲ್ಲಿ ಆರು ಕಿಲೋ ಇಳಿಯಿತು. ಇದು ನಿಜವಾದ ಇಳಿಕೆ, ಪುಸ್ತಕದ ಇಳಿಕೆ. ಇದನ್ನು ಮುಂದೆ ವೈದ್ಯರೂ ಅಲ್ಲಗಳೆಯಲಿಲ್ಲ. ಗಿರಾಕಿಗಳ ಅಳತೆ ಬರೆದುಕೊಳ್ಳುವ ಉದ್ದನೆಯ ಪುಸ್ತಕದಲ್ಲಿ ಆತ ಅಕ್ಕನಿಗೂ ಒಂದು ಹಾಳೆ ತೆರೆದಿದ್ದ. ಪ್ರತಿ ಭಾನುವಾರ ಸೊಂಟ, ತೋಳು, ತೂಕ; ಪಕ್ಕದಲ್ಲಿ ಒಂದು ಸಣ್ಣ ಷರಾ. 'ಇವತ್ತು ಎರಡು ಸಲ ಕೇಳಿದಳು', 'ಕೋಪ', 'ಬೆಣ್ಣೆ ಕನಸು ಬಿತ್ತಂತೆ'. ಆಮೇಲೆ ಎರಡು ತಿಂಗಳು ಮುಳ್ಳು ತೊಂಬತ್ತರಲ್ಲೇ ನಿಂತಿತು. ದರ್ಜಿ ಕಂಗಾಲಾಗಿ, ಓದಿದ್ದ ಪುಸ್ತಕಗಳನ್ನೇ ಮತ್ತೆ ಒಯ್ದ. ಅದಾದ ಮೇಲೆ ಒಂದು ಭಾನುವಾರ ಒಂದು ಕಿಲೋ ಇಳಿಯಿತು, ಮುಂದಿನ ಭಾನುವಾರ ಇನ್ನೊಂದು. ಕಾಳಿನ ಅಳತೆ ಬದಲಾಗಿರಲಿಲ್ಲ, ಸೊಪ್ಪು ಅದೇ ಸೊಪ್ಪು. ತೂಕ ಮಾತ್ರ ತಾನಾಗಿ ಇಳಿಯತೊಡಗಿತು.

ಆ ದಿನಗಳಲ್ಲಿ ಆತ ಗ್ರಂಥಾಲಯಕ್ಕೆ ಬರುತ್ತಿದ್ದ ರೀತಿಯೇ ಬೇರೆ. ಬಾಗಿಲಲ್ಲೇ ಬೆರಳು ಎತ್ತಿ ಎಷ್ಟು ಕಿಲೋ ಎಂದು ತೋರಿಸುತ್ತಿದ್ದ. "ಸಾರ್, ಹಸಿವು ಪಳಗಿತು! ನಿನ್ನೆ ಅರ್ಧ ತಟ್ಟೆ ಬಿಟ್ಟಳು. ನಮ್ಮಕ್ಕ, ತಟ್ಟೇಲಿ ಬಿಟ್ಟಳು!" ಎಂದು ಆತ ಕೂಗಿದ್ದಕ್ಕೆ ಪತ್ರಿಕೆ ಓದುತ್ತಿದ್ದವರೆಲ್ಲ ತಲೆಯೆತ್ತಿದರು. ಮಿತವಾಗಿ ತಿನ್ನುತ್ತ ಹೋದರೆ ಹಸಿವು ತಾನೇ ಪಳಗುತ್ತದೆ ಎಂದು ಪುಸ್ತಕದಲ್ಲಿತ್ತು. ಮೌನ ಪಾಲಿಸಿ ಎಂಬ ಫಲಕದ ಕೆಳಗೇ ಕುಳಿತಿದ್ದ ನಾನು ಎದ್ದುನಿಂತು ಆತನ ಕೈ ಕುಲುಕಿದೆ. ಅಕ್ಕನ ಉಡುಪುಗಳನ್ನೆಲ್ಲ ಆತ ಹೊಲಿಗೆ ಬಿಚ್ಚಿ ಚಿಕ್ಕದು ಮಾಡುತ್ತಿದ್ದ. ಬಲ್ಲ ದರ್ಜಿ ಬಟ್ಟೆ ಕಿರಿದು ಮಾಡುವಾಗ ಉಳಿದದ್ದನ್ನು ಕತ್ತರಿಸುವುದಿಲ್ಲ. ಮುಂದೆ ಮೈ ತುಂಬಿದರೆ ಬಿಚ್ಚಿಕೊಳ್ಳಲಿ ಎಂದು ಹೊಲಿಗೆಯ ಒಳಗೆ ಮಡಿಸಿಡುತ್ತಾನೆ. ಆತ ಜೀವಮಾನದಲ್ಲಿ ಮೊದಲ ಸಲ ಆ ನಿಯಮ ಮುರಿದು, ಒಳಗಿನ ಬಟ್ಟೆಯನ್ನೆಲ್ಲ ಕತ್ತರಿಸಿ ಎಸೆದ. "ಇನ್ನು ಅದು ಬೇಕಾಗಲ್ಲ ಸಾರ್" ಎಂದ. ಅಷ್ಟು ನಂಬಿಕೆ.

ಆಮೇಲೆ ಒಂದು ಬೆಳಿಗ್ಗೆ ಅಕ್ಕ ಮೆಟ್ಟಿಲು ಇಳಿದರು. ಮುಂಚಿತವಾಗಿ ಯಾರಿಗೂ ಹೇಳಿರಲಿಲ್ಲ. ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ನಿಂತು, ಮೂವತ್ತನಾಲ್ಕನ್ನೂ ಇಳಿದು ಬೀದಿಗೆ ಬಂದಾಗ ದರ್ಜಿಯ ಕೈಯಲ್ಲಿ ಯಾರದೋ ಅಂಗಿಯ ಕಾಲರು ಇತ್ತು. ಅದನ್ನು ಹಿಡಿದುಕೊಂಡೇ ಹೊರಗೋಡಿ ಬಂದ. ಬೇಕರಿಯಾತ ಹಳೆಯ ಸಿಟ್ಟು ಮರೆತು ಕುರ್ಚಿ ತಂದು ಹಾಕಿದ. ಅಕ್ಕ ಕೂರಲಿಲ್ಲ. ರಸ್ತೆ ದಾಟಿ ನನ್ನ ಗ್ರಂಥಾಲಯಕ್ಕೆ ಬಂದು, ಆ ನಲವತ್ಮೂರು ಪುಸ್ತಕಗಳ ಕಪಾಟಿನ ಮುಂದೆ ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡು, "ಇವೇನಾ ನನ್ನ ಅನ್ನ ಕಿತ್ಕೊಂಡೋವು?" ಎಂದರು. ಎಲ್ಲರೂ ನಕ್ಕೆವು. ಆ ನಗುವಿನ ನಡುವೆ ನಾನು ಅವರ ಮುಖ ನೋಡಿದೆ. ಕೆನ್ನೆ ಒಳಗೆ ಹೋಗಿತ್ತು, ಚರ್ಮದಲ್ಲಿ ಒಂದು ಬಗೆಯ ಹಳದಿ ಇತ್ತು. ನಮ್ಮ ಕೋಣೆಯ ಬೆಳಕು ಸರಿಯಿಲ್ಲ ಎಂದುಕೊಂಡೆ. ಹಾಗೆ ಅಂದುಕೊಂಡದ್ದನ್ನು ನಾನು ಮರೆತಿಲ್ಲ, ಮರೆಯಲೂ ಬಾರದು.

ಗುಟ್ಟು ಒಡೆದವರು ಒಬ್ಬ ನರ್ಸಮ್ಮ. ಸಮವಸ್ತ್ರದ ಅಂಚು ಮಡಿಸಿ ಹೊಲಿಸಿಕೊಳ್ಳಲು ಬಂದಿದ್ದವರು ಅಂಗಡಿಯಲ್ಲಿ ಕುಳಿತಿದ್ದ ಅಕ್ಕನನ್ನು ನೋಡಿದರು, ಮುಖವನ್ನೇ ನೋಡಿದರು. ಎಷ್ಟು ಇಳಿದಿದ್ದಾರೆ ಎಂದು ಕೇಳಿದರು. ದರ್ಜಿ ಹೆಮ್ಮೆಯಿಂದ ಅಳತೆಯ ಪುಸ್ತಕ ತೆರೆದು, ಮೂರೂವರೆ ತಿಂಗಳಲ್ಲಿ ಹದಿನಾಲ್ಕು ಎಂದ. ಊಟ ಹೇಗೆ ಮಾಡುತ್ತಾರೆ ಎಂದಾಗ, "ಎರಡು ತುತ್ತು ಸಿಸ್ಟರ್, ಅಷ್ಟೇ. ಹಸಿವೇ ಇಲ್ಲ ಅಂತಾಳೆ" ಎಂದ, ಪ್ರಶಸ್ತಿಪತ್ರ ಓದುವವನಂತೆ. ನರ್ಸಮ್ಮ ಸಮವಸ್ತ್ರವನ್ನು ಮೇಜಿನ ಮೇಲಿಟ್ಟು, "ಇದು ಆಮೇಲೆ ಆಗಲಿ. ನಾಳೆ ಬೆಳಿಗ್ಗೆ ಎಂಟಕ್ಕೆ ಇವರನ್ನ ಕರ್ಕೊಂಡು ಆಸ್ಪತ್ರೆಗೆ ಬನ್ನಿ. ನಾನೇ ಬಾಗಿಲಲ್ಲಿ ಇರ್ತೀನಿ" ಎಂದರು.

ಜಠರದಲ್ಲಿ ಗೆಡ್ಡೆ ಬೆಳೆದು ಪಕ್ಕದ ಅಂಗಗಳಿಗೂ ಹರಡಿತ್ತು. ಹಸಿವು ಯಾವಾಗ ಹೋಯಿತು ನೆನಪಿದೆಯೇ ಎಂದು ವೈದ್ಯರು ಕೇಳಿದರಂತೆ. ನೆನಪಿನ ಮಾತೇ ಬೇಕಿರಲಿಲ್ಲ. ತಾರೀಖು ಆತ ಅಳತೆಯ ಪುಸ್ತಕದಿಂದ ಕಿತ್ತು ಜೇಬಿನಲ್ಲಿಟ್ಟುಕೊಂಡಿದ್ದ ಹಾಳೆಯಲ್ಲಿತ್ತು. 'ಇವತ್ತು ಅರ್ಧ ತಟ್ಟೆ ಬಿಟ್ಟಳು' ಎಂದು ಬರೆದು ಅದರ ಪಕ್ಕ ಆತ ಒಂದು ಹೂವು ಬಿಡಿಸಿದ್ದ. ಆಗಲೇ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದ್ದಕ್ಕೆ ವೈದ್ಯರು, "ಹೇಳೋಕಾಗಲ್ಲ" ಎಂದರಂತೆ. ಉಳಿಯುತ್ತಿರಲಿಲ್ಲ ಎಂದು ಒಂದು ಸುಳ್ಳು ಹೇಳಬಾರದಿತ್ತೇ ಆ ಮನುಷ್ಯ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಎರಡು ದಿನದ ಮೇಲೆ ದರ್ಜಿ ಗ್ರಂಥಾಲಯಕ್ಕೆ ಬಂದ. ಆ ಬಲಗಾಲು ಅಲುಗುತ್ತಿರಲಿಲ್ಲ. ಕಪಾಟಿನಿಂದ ಹಸಿರು ಹೊದಿಕೆಯ ಒಂದು ದಪ್ಪ ಪುಸ್ತಕ ತೆಗೆದು, ಕೊನೆಯ ಪುಟಗಳಲ್ಲೊಂದನ್ನು ಬಿಡಿಸಿ ನನ್ನ ಮುಂದಿಟ್ಟ. 'ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು' ಎಂದಿತ್ತು.

"ಈ ಸಾಲು ಓದಿದ್ದೆ ಸಾರ್. ಗೆರೆ ಕೂಡ ಎಳೆದಿದ್ದೆ. ಆದ್ರೆ ಇದು ನಮಗಲ್ಲ ಅಂದ್ಕೊಂಡೆ. ನಾವು ಪ್ರಯತ್ನ ಮಾಡ್ತಿದ್ವಲ್ಲ."

ನಾನು ಪುಸ್ತಕ ಮುಚ್ಚಿದೆ. ಆತ ತೂಕ ಏರಿಸುವ ಪುಸ್ತಕ ಇದೆಯೇ ಎಂದು ಕೇಳಿದ. ಹನ್ನೊಂದು ಕಪಾಟುಗಳನ್ನೂ ಹುಡುಕಿದೆವು. ಇಳಿಸುವುದಕ್ಕೆ ನಲವತ್ಮೂರು, ಏರಿಸುವುದಕ್ಕೆ ಒಂದೂ ಇರಲಿಲ್ಲ. ಮುಖ್ಯ ಗ್ರಂಥಾಲಯಕ್ಕೆ ಕಾಗದ ಬರೆದೆ. ಅಲ್ಲಿಂದ ರೋಗಿಗಳ ಆರೈಕೆಯ ಕುರಿತು ಒಂದು ಹಳೆಯ, ಬೆನ್ನು ಹರಿದ ಪುಸ್ತಕ ಬಂತು. ಅದರಲ್ಲಿ ಬಲಹೀನರಿಗೆ ಕೆನೆಯ ಗಂಜಿ ಮಾಡುವ ಬಗೆ ಒಂದು ಪುಟದಷ್ಟು ಇತ್ತು. ಆ ಒಂದು ಪುಟವನ್ನು ಆತ ಕೈಯಲ್ಲಿ ನಕಲು ಮಾಡಿಕೊಂಡ.

ಬೆಣ್ಣೆ, ಕೆನೆ, ಸಕ್ಕರೆ, ಯಾವುದನ್ನು ಮನೆಯ ಹೊಸ್ತಿಲು ದಾಟಿಸಿರಲಿಲ್ಲವೋ ಅದೆಲ್ಲ ಆ ಒಲೆಯ ಮೇಲೆ ಬಂತು. ಮೂರು ತಿಂಗಳ ಮೇಲೆ ನಾನು ಹೋದಾಗ ಆತ ಹಾಸಿಗೆಯ ಪಕ್ಕ ಮಂಡಿಯೂರಿ, ಸಣ್ಣ ಚಮಚ ಹಿಡಿದು, "ಒಂದೇ ಒಂದು ಚಮಚ ಅಕ್ಕ, ನನ್ನಾಣೆ" ಎನ್ನುತ್ತಿದ್ದ. ಅಕ್ಕ ನನ್ನನ್ನು ನೋಡಿ, "ನೋಡಿ ಸಾರ್, ಕೇಳ್ದಾಗ ಕೊಡ್ಲಿಲ್ಲ, ಬೇಡ ಅಂದಾಗ ಬೆನ್ನು ಬಿದ್ದಿದಾನೆ" ಎಂದರು. ತಮ್ಮ ಚಮಚ ಕೆಳಗಿಟ್ಟು, ಅಷ್ಟು ದಿನ ತಡೆದದ್ದನ್ನೆಲ್ಲ ಕಟ್ಟೆಯೊಡೆದಂತೆ ಅತ್ತುಬಿಟ್ಟ. ನಾನೇ ಕೊಂದೆ, ನಾನೇ ಉಪವಾಸ ಕೆಡವಿ ಕೊಂದೆ ಎಂದು ಏನೇನೋ ಬಡಬಡಿಸಿದ. ಅಕ್ಕ ಆತನ ತಲೆಯ ಮೇಲೆ ಕೈಯಿಟ್ಟರು. ಆ ಕೈಯಲ್ಲಿ ಆಗ ಮೂಳೆಯಷ್ಟೇ ಉಳಿದಿತ್ತು.

"ಏನೋ ಇದು ಹುಚ್ಚು? ಎರಡು ವರ್ಷ ಆದ್ಮೇಲೆ ನಾನು ಬೀದಿ ನೋಡಲಿಲ್ವಾ? ಮೆಟ್ಟಿಲು ಇಳಿಸಿದೋನು ನೀನೇ ಕಣೋ. ನೀನು ತಪ್ಪು ಮಾಡಿದ್ದೆಲ್ಲಿ?" ಎಂದರು. ಸಮಾಧಾನ ಮಾಡಲು ಆಡಿದ ಮಾತಲ್ಲ ಅದು. ಅವರ ಮುಖದಲ್ಲಿದ್ದದ್ದು ನಿಜವಾದ ಆಶ್ಚರ್ಯ, ತಮ್ಮನಿಗೆ ಜ್ವರ ಬಂದಿರಬಹುದೇ ಎಂದು ಹಣೆ ಮುಟ್ಟಿ ನೋಡುವವರ ಕಳವಳ. ಹದಿನೆಂಟು ದಿನದ ಮೇಲೆ ಅಕ್ಕ ತೀರಿಕೊಂಡರು. ಆ ಕಿರಿದಾದ ಮೆಟ್ಟಿಲುಗಳಲ್ಲಿ ಅವರನ್ನು ಇಳಿಸಲು ಇಬ್ಬರೇ ಸಾಕಾದೆವು, ಬೇಕರಿಯಾತ ಮತ್ತು ನಾನು.

ಅಂಗಡಿ ಒಂದು ತಿಂಗಳು ಮುಚ್ಚಿತ್ತು. ಮತ್ತೆ ತೆರೆದಾಗ ಆತ ಯಾರಿಗೂ ಪಥ್ಯ ಹೇಳಲಿಲ್ಲ, ಗ್ರಂಥಾಲಯದ ಕಡೆ ತಲೆ ಹಾಕಲಿಲ್ಲ. ನಾನೂ ಕರೆಯಲಿಲ್ಲ. ಆ ಕಪಾಟನ್ನು ಒಳಗಿನ ಗೋಡೆಗೆ, ರಸ್ತೆಯಿಂದ ಕಾಣದ ಹಾಗೆ ಸರಿಸಿದೆ. ವರ್ಷ ತುಂಬುವ ಹೊತ್ತಿಗೆ ಆತ ಬಂದ. ಕೊನೆಯ ಮೇಜಿನಲ್ಲಿ ಕುಳಿತು ಪತ್ರಿಕೆ ಮಗುಚಿ ಹಾಕಿ ಹೋಗುವುದು ರೂಢಿಯಾಯಿತು. ಹಾಗೆ ಕುಳಿತಿದ್ದ ಒಂದು ಮಧ್ಯಾಹ್ನ ಒಬ್ಬ ಯುವತಿ ನನ್ನ ಮೇಜಿನ ಬಳಿ ಬಂದು, ಅಮ್ಮನ ತೂಕ ಬಹಳ ಆಗಿದೆ, ಸೊಪ್ಪು ಕಾಳಿನ ಊಟದ ಬಗ್ಗೆ ಒಂದು ಒಳ್ಳೆಯ ಪುಸ್ತಕ ಬೇಕು ಎಂದಳು. ದರ್ಜಿಗೆ ಕೇಳಿಸಿತ್ತು. ಈಗ ಇವನು ಈ ಹುಡುಗಿಯ ಮೇಲೆ ಹರಿಹಾಯುತ್ತಾನೆ, ಕಪಾಟು ಸುಟ್ಟುಹಾಕಿ ಎನ್ನುತ್ತಾನೆ ಎಂದು ನಾನು ಅರ್ಧ ಎದ್ದಿದ್ದೆ. ಆತ ಎದ್ದು ಒಳಗಿನ ಗೋಡೆಯವರೆಗೆ ಹೋಗಿ, ಹುಡುಕದೆಯೇ ಆ ಹಸಿರು ಹೊದಿಕೆಯ ಪುಸ್ತಕವನ್ನು ತೆಗೆದು ಅವಳ ಕೈಗೆ ಕೊಟ್ಟ.

"ಒಳ್ಳೆ ಪುಸ್ತಕ ಇದು, ತಗೊಂಡು ಹೋಗಮ್ಮ. ಹೇಳಿದ ಹಾಗೇ ಮಾಡು. ಆದ್ರೆ ದಿನಾ ಒಂದ್ಸಲ, ಅಮ್ಮನ ಮುಖ ನೋಡಿ, ಹಸಿವಾಗ್ತಿದೆಯಾ ಅಂತ ಕೇಳು. ಹಸಿವು ಅಂತ ಗೋಳಾಡಿದ್ರೆ ಹೆದರಬೇಡ. ಇಲ್ಲ ಅಂದ್ರೆ ಪುಸ್ತಕ ಮುಚ್ಚಿಟ್ಟು ಡಾಕ್ಟರ ಹತ್ರ ಓಡು."

ಇಂಥವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಪ್ರೀತಿಯನ್ನು ಬಾಯಿಬಿಟ್ಟು ಹೇಳಲು ಬಾರದೆ ಅದನ್ನು ಒಂದು ವಿದ್ಯೆಯಂತೆ ಕಲಿಯಲು ಹೊರಡುವವರು, ತಮ್ಮವರ ನೋವಿಗೆ ಎಲ್ಲೋ ಯಾರೋ ಉತ್ತರ ಅಚ್ಚು ಹಾಕಿಸಿಟ್ಟಿರಲೇಬೇಕೆಂದು ನಂಬಿ ಸಾಲು ಸಾಲಾಗಿ ಹುಡುಕುವವರು. ಅವರು ಪಡುವ ಶ್ರಮ ಎಷ್ಟಿರುತ್ತದೆಂದರೆ, ಆಗುತ್ತಿರುವುದೆಲ್ಲ ಆ ಶ್ರಮದಿಂದಲೇ ಆಗುತ್ತಿದೆ ಎಂದು ಅವರಿಗೆ ತೋರುತ್ತದೆ. ಮೃತ್ಯು ಬಂದು ಪಕ್ಕದಲ್ಲಿ ಕುಳಿತು ಕೆಲಸ ಹಂಚಿಕೊಂಡದ್ದೂ ತಿಳಿಯುವುದಿಲ್ಲ. ಅಜ್ಞಾನಿಗಳೆಂದು ಅವರನ್ನು ಜರೆಯುವುದು ಸುಲಭ. ನನಗೆ ಆ ಮಾತು ಬರುವುದಿಲ್ಲ. ಪುಸ್ತಕ ಕೊಟ್ಟವನು ನಾನು, ಕೈ ಕುಲುಕಿದವನು ನಾನು. ಉಳಿದ ಆಯುಷ್ಯವೆಲ್ಲ ಇಂಥವರು ಒಂದು ಕ್ಷಮೆಗಾಗಿ ಕಾಯುತ್ತಾರೆ. ಅದನ್ನು ಕೊಡಬಲ್ಲವರು ಒಬ್ಬರೇ ಇದ್ದರು, ಅವರಿಗೆ ಕ್ಷಮಿಸುವಂಥದ್ದು ಏನೂ ಕಾಣಿಸಲೇ ಇಲ್ಲ.